ತತ್ತಿ ಇಡದ ಮೀನು

ಕೇಳುಗರಿಗೆ ನಮಸ್ಕಾರ.

ಸಿಂಧನೂರು ಕಡೆಯವರು ಇದನ್ನು ನೋಡಿರುತ್ತೀರಿ. ಮಳೆಗಾಲದಲ್ಲಿ ಬಸಿಗಾಲುವೆ ದಂಡೆಯ ಮೇಲೆ ನಿಂತರೆ ನೀರಿನಲ್ಲಿ ಒಂದು ಕೆಂಪು ಮಚ್ಚೆ ಕಾಣುತ್ತದೆ. ಊಟದ ತಟ್ಟೆಯಷ್ಟು ಅಗಲ. ಸುಮ್ನೆ ನಿಲ್ಲುವುದಿಲ್ಲ, ಕುದಿಯುವ ಎಸರಿನ ಹಾಗೆ ಗುಳುಗುಳು ಅನ್ನುತ್ತಿರುತ್ತದೆ. ಅವು ಕೊರಮೀನಿನ ಮರಿಗಳು. ಕೆಳಗೆ ದೊಡ್ಡ ಮೀನು ಕಾವಲಿರುತ್ತದೆ. ಕಪ್ಪೆ ಹತ್ತಿರ ಬಂದರೂ ಅಟ್ಟಿಸಿಕೊಂಡು ಹೋಗುತ್ತದೆ. ಹುಡುಗನಾಗಿದ್ದಾಗ ಶಾಲೆಯ ದಾರಿಯಲ್ಲೇ ಇಂಥವು ನಾಲ್ಕೈದು ಎಣಿಸುತ್ತಿದ್ದೆ. ಹೋದ ವರ್ಷ ಅದೇ ದಂಡೆಯಲ್ಲಿ ಒಂದು ಕಾಣಲು ಮೂರು ಸಂಜೆ ಕಾಯಬೇಕಾಯಿತು.

ಕಾರಣ ಹಲವು ಇರಬಹುದು. ಇವತ್ತು ಒಂದರ ಮಾತು: ನಾವು ಭತ್ತಕ್ಕೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ.

ಎಣ್ಣೆ ಜಾಸ್ತಿ ಸೇರಿ ಮೀನು ಸತ್ತು ತೇಲಿದರೆ ಊರೆಲ್ಲ ನೋಡಲು ಬರುತ್ತದೆ. ಸ್ವಲ್ಪವೇ ಸೇರಿದರೆ ಮೀನು ಬದುಕುತ್ತದೆ, ಬಲೆಗೂ ಬೀಳುತ್ತದೆ. ಆದರೆ ಹೊಟ್ಟೆಯಲ್ಲಿ ತತ್ತಿಯ ಚೀಲ ತುಂಬದೇ ಉಳಿಯಬಹುದು. ಅದು ಕೊಯ್ದವರಿಗಷ್ಟೇ ಗೊತ್ತು.

ಮೀನು ತತ್ತಿ ಕಟ್ಟುವುದು ಹಾರ್ಮೋನಿನ ಮಾತು ಕೇಳಿ. ಮಿದುಳಿನ ಕೆಳಗೆ ಪಿಟ್ಯುಟರಿ ಅಂತ ಒಂದು ಪುಟ್ಟ ಗ್ರಂಥಿ. ಅದು ತತ್ತಿಯ ಚೀಲಕ್ಕೆ ಸುದ್ದಿ ಕಳಿಸುತ್ತದೆ. ಚೀಲ ಈಸ್ಟ್ರೋಜನ್ ಬಿಡುತ್ತದೆ. ಅದು ಲಿವರ್‌ಗೆ ಹೋಗಿ, ತತ್ತಿಯ ಹಳದಿಗೆ ಬೇಕಾದ ಪ್ರೋಟೀನ್ ಮಾಡಿಸುತ್ತದೆ. ಹೌದು, ತತ್ತಿಯ ಸರಕು ತಯಾರಾಗುವುದು ಲಿವರ್‌ನಲ್ಲಿ! 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಆ ಗ್ರಂಥಿಯ ರಸ ಚುಚ್ಚಿಯೇ ಗೆಂಡೆ ಜಾತಿಯ ಮೀನುಗಳಿಂದ ತತ್ತಿ ಇಡಿಸಿದರು. ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳ ಹಿಂದೆ ಇರುವುದು ಅಂಥ ಹಾರ್ಮೋನಿನ ಸೂಜಿಯೇ.

ಈ ಸುದ್ದಿಯ ದಾರಿಗೆ ಕೆಲವು ಎಣ್ಣೆಗಳು ಅಡ್ಡ ಬರುತ್ತವೆ. ಕೆಲವು ಈಸ್ಟ್ರೋಜನ್ನಿನ ವೇಷ ಹಾಕುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ ಎಂಡೋಸಲ್ಫಾನ್ ಅಂಥದ್ದು. ಇಂಥ ವೇಷಕ್ಕೆ ಮೋಸಹೋದರೆ ಗಂಡು ಮೀನಿನ ಲಿವರ್ ಕೂಡ ತತ್ತಿಯ ಪ್ರೋಟೀನ್ ಮಾಡಲು ಕೂರುತ್ತದೆ. ನೀರು ಕೆಟ್ಟಿದೆಯೋ ಅಂತ ತಿಳಿಯಲು ವಿಜ್ಞಾನಿಗಳು ಗಂಡಿನ ರಕ್ತದಲ್ಲಿ ಇದನ್ನೇ ಹುಡುಕುತ್ತಾರೆ. ಇನ್ನು ಸೈಪರ್‌ಮೆಥ್ರಿನ್ ನಮಗೆ ಚೆನ್ನಾಗಿ ಗೊತ್ತು, ಅಲ್ವಾ? ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನಿನ ಮೇಲೆ ನೋಡಿದ್ದಾರೆ: ಈ ಎಣ್ಣೆ ಬಹಳ ಕಡಿಮೆ ಇದ್ದರೂ, ಗಂಡನ್ನು ಕೂಡಲು ಸಿದ್ಧಮಾಡುವ ಹೆಣ್ಣಿನ ವಾಸನೆ ಗಂಡಿನ ಮೂಗಿಗೆ ಸರಿಯಾಗಿ ಹತ್ತುವುದಿಲ್ಲ.

ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುತ್ತದಲ್ಲ. ಹಸಿರು ಕಂಡರೆ ನಮಗೆ ಧೈರ್ಯ. ಆದರೆ ಆ ಬಣ್ಣ ಹಚ್ಚುವುದು ಇಲಿಯಂಥ ಪ್ರಾಣಿಗಳು ಎಷ್ಟಕ್ಕೆ ಸಾಯುತ್ತವೆ ಅನ್ನುವ ಲೆಕ್ಕದ ಮೇಲೆ. ಮೀನಿನ ಲೆಕ್ಕ ಅದರಲ್ಲಿಲ್ಲ.

ತೊಂದರೆ ಇರುವುದು ಕಾಲದಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು, ನಾಟಿ ಮುಗಿದು, ಕಾಂಡಕೊರಕಕ್ಕೆ ಎಣ್ಣೆ ಹೊಡೆಯುತ್ತೇವೆ. ಮೀನು ತತ್ತಿ ಇಡುವುದೂ ಅದೇ ಮಳೆಗಾಲದಲ್ಲಿ. ಹೊಡೆಯಲೇಬೇಡಿ ಅನ್ನಲು ನನಗೆ ಬಾಯಿಲ್ಲ, ನಮ್ಮ ಮನೆಯ ಗದ್ದೆಗೂ ಹೊಡೆಯುತ್ತೇವೆ. ಹೊಡೆದ ಮೇಲೆ ಒಂದು ವಾರ ಮಡಿಯ ಬಾಯಿ ಕಟ್ಟಿಡಿ, ಗದ್ದೆಯ ನೀರು ಬಸಿಗಾಲುವೆಗೆ ಹರಿಯದಿರಲಿ. ಎಣ್ಣೆ ಹೊಡೆದ ಪಂಪು ಹಳ್ಳದಲ್ಲಿ ತೊಳೆಯಬೇಡಿ.

ಇದನ್ನೇ ತಮ್ಮನಿಗೆ ಹೇಳಿದೆ. "ಯಣ್ಣಾ, ಮಳಿ ಬಂದು ಬದು ದಾಟಿ ಹರದ್ರ ಏನ್ ಮಾಡ್ಲಿ?" ಅಂದ. "ಮೋಡ ನೋಡಿ ಹೊಡಿಯಪ್ಪಾ" ಅಂದೆ. ಈ ಸಲ ಎರಡು ದಿನ ಕಾದು ಹೊಡೆದಿದ್ದಾನೆ.

ನಮಸ್ಕಾರ.