ನೀರಿಗೆ 'ದ್ಲೋ' ಅನ್ನುವ ಮಕ್ಕಳು

ಕೇಳುಗರೇ, ನಮಸ್ಕಾರ.

ಕೆರಿಬಿಯನ್ ಕಡಲಿನಲ್ಲಿ ಒಂದು ದ್ವೀಪ. ಅದರ ಪಶ್ಚಿಮ ಭಾಗವೇ ಹೈಟಿ ದೇಶ. ಅಲ್ಲಿನ ಒಂದು ಹಳ್ಳಿ ಶಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಗಡಿನ ಸೂರು, ಉದ್ದನೆಯ ಬೆಂಚುಗಳು. ಇಸ್ತ್ರಿ ಮಾಡಿದ ಯೂನಿಫಾರ್ಮು, ಹೆಣ್ಣುಮಕ್ಕಳ ಜಡೆಗೆ ರಿಬ್ಬನ್ನು. ಒಬ್ಬ ಹುಡುಗಿ ಎದ್ದು ನಿಂತು ಪಾಠ ಒಪ್ಪಿಸುತ್ತಿದ್ದಾಳೆ. ಎಲ್ಲೂ ತಡವರಿಸುವುದಿಲ್ಲ. ಆದರೆ ತಾನು ಹೇಳಿದ್ದು ಏನು ಅಂತ ಅವಳಿಗೇ ಗೊತ್ತಿಲ್ಲ.

ಯಾಕೆಂದರೆ ಪುಸ್ತಕ ಇರುವುದು ಫ್ರೆಂಚಿನಲ್ಲಿ. ಅವಳ ಅಮ್ಮ ಜೋಗುಳ ಹಾಡಿದ್ದು, ಗದರಿದ್ದು, ಊಟಕ್ಕೆ ಕರೆದದ್ದು ಎಲ್ಲ ಕ್ರಿಯೋಲ್ ಭಾಷೆಯಲ್ಲಿ, ಅಂದರೆ ಹೈಟಿಯ ಜನ ಮನೆಯಲ್ಲಿ ಆಡುವ ಮಾತಿನಲ್ಲಿ. ನೀರು ಅನ್ನುವ ಒಂದೇ ಪದ ತಗೊಳ್ಳಿ. ಫ್ರೆಂಚಿನಲ್ಲಿ ಇ, ಎ, ಯು ಅಂತ ಮೂರು ಅಕ್ಷರ ಬರೆದು 'ಓ' ಅಂತ ಓದಬೇಕು. ಆ ಮೂರರಲ್ಲಿ ಓ ಅಕ್ಷರವೇ ಇಲ್ಲ! ಕ್ರಿಯೋಲಿನಲ್ಲಿ ನೀರಿಗೆ 'ದ್ಲೋ'. ಬರೆಯುವುದು ಡಿ, ಎಲ್, ಓ. ಆಡಿದ ಹಾಗೆ ಬರೆ, ಬರೆದ ಹಾಗೆ ಓದು. ದಿನಾ ಬಕೆಟ್ ಹೊತ್ತು ನೀರು ತರುವ ಮಗುವಿಗೆ, ಶಾಲೆಗೆ ಬಂದ ಕೂಡಲೇ ನೀರಿನ ಹೆಸರೇ ಬೇರೆಯವರದಾಗಿಬಿಡುತ್ತದೆ.

ಹೈಟಿಯ ಜನ ಸಾಮಾನ್ಯರಲ್ಲ. ಫ್ರೆಂಚರ ತೋಟಗಳಲ್ಲಿ ಗುಲಾಮರಾಗಿದ್ದವರೇ ದಂಗೆ ಎದ್ದು, ಫ್ರೆಂಚರ ಸೈನ್ಯವನ್ನು ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಕೈತಪ್ಪಿದ ತೋಟಗಳಿಗೆ, ಕೈತಪ್ಪಿದ ಗುಲಾಮರಿಗೆ! ಆಮೇಲೆ ಅದು 9 ಕೋಟಿಗೆ ಇಳಿಯಿತು, ನಿಜ. ಆದರೂ ಆ ಸಾಲ ತೀರಿಸುವುದರಲ್ಲೇ ತಲೆಮಾರುಗಳು ಸವೆದವು. ಶಾಲೆಗೆ ದುಡ್ಡು ಎಲ್ಲಿಂದ ಬರಬೇಕು?

ಆ ಕೆಲಸಕ್ಕೆ ಚರ್ಚುಗಳು ಕೈಹಾಕಿದವು. 1860ರಲ್ಲಿ ವ್ಯಾಟಿಕನ್ ಜೊತೆ ಒಪ್ಪಂದ ಆಯಿತು. 1864ರಿಂದ ಫ್ರಾನ್ಸಿನ ಬ್ರದರ್‌ಗಳು, ಸಿಸ್ಟರ್‌ಗಳು ಬಂದು ಶಾಲೆ ತೆರೆದರು. ಇವತ್ತಿಗೂ ಅಲ್ಲಿನ ಬಹುಪಾಲು ಶಾಲೆಗಳು ಸರ್ಕಾರದ್ದಲ್ಲ. ಅವುಗಳಲ್ಲಿ ಚರ್ಚು, ಮಿಷನ್ನುಗಳು ನಡೆಸುವಂಥವು ಎಷ್ಟೋ. ಆ ಶ್ರಮ ದೊಡ್ಡದು. ಆದರೆ ಅವರು ಫ್ರೆಂಚನ್ನೇ ಶಾಲೆಯ ಬಾಗಿಲು ಮಾಡಿದರು. ಕ್ರಿಯೋಲ್ ಮಾತಾಡಿದ್ದಕ್ಕೆ ಮಕ್ಕಳು ಏಟು ತಿಂದಿದ್ದಾರೆ.

ಅದಕ್ಕೇ ನನಗೆ ಆರ್ಮಂಡ್ ಮೆಕಾನೆಲ್ ಅನ್ನುವ ಪಾದ್ರಿಯ ಮೇಲೆ ತುಂಬ ಗೌರವ. ಐರ್ಲೆಂಡಿನವರು, ಮೆಥಡಿಸ್ಟ್ ಮಿಷನ್ನಿನವರು. 1940ರ ದಶಕದಲ್ಲಿ ಅವರು ಕ್ರಿಯೋಲಿಗೆ ಒಂದು ಕಾಗುಣಿತ ಕಟ್ಟಿದರು. ಅಮೆರಿಕದ ಮಿಷನರಿ ಫ್ರಾಂಕ್ ಲಾಬಾಕ್ ಕೈಜೋಡಿಸಿದರು. ಓದಿದವರು ಸುಮ್ನೆ ಬಿಡಲಿಲ್ಲ. ಫ್ರೆಂಚಿನಲ್ಲಿ ಅಪರೂಪವಾದ ಕೆ, ಡಬ್ಲ್ಯು ಅಕ್ಷರಗಳನ್ನು ನೋಡಿ, ಇದು ಇಂಗ್ಲಿಷರ ಬರವಣಿಗೆ ಅಂತ ಜಗಳಕ್ಕೆ ನಿಂತರು. ಆಮೇಲೆ ಹೈಟಿಯವರೇ ಅದನ್ನು ತಿದ್ದಿದರು. 1985ರಲ್ಲಿ ಇಡೀ ಬೈಬಲ್ ಕ್ರಿಯೋಲಿನಲ್ಲಿ ಬಂತು. 1987ರ ಸಂವಿಧಾನ ಕ್ರಿಯೋಲನ್ನು ಫ್ರೆಂಚಿನ ಜೊತೆ ಅಧಿಕೃತ ಭಾಷೆ ಅಂದಿತು. 2022ರಲ್ಲಿ ಸರ್ಕಾರ, ಮೊದಲ ನಾಲ್ಕು ತರಗತಿಗೆ ಕ್ರಿಯೋಲ್ ಪಠ್ಯಪುಸ್ತಕಕ್ಕೆ ಮಾತ್ರ ದುಡ್ಡು ಕೊಡುತ್ತೇವೆ ಅಂತ ಹೇಳಿತು. ನಮ್ಮಲ್ಲಿ ಬಾಸೆಲ್ ಮಿಷನ್ನಿನ ಕಿಟೆಲ್ ಅವರು 1894ರಲ್ಲಿ ನಿಘಂಟು ಕೊಟ್ಟರು, ಅಲ್ವಾ? ಆ ಹೊತ್ತಿಗೆ ಕನ್ನಡದ ಬೆನ್ನಿಗೆ ಸಾವಿರ ವರ್ಷ ದಾಟಿದ ಬರವಣಿಗೆ ಇತ್ತು. ಕ್ರಿಯೋಲಿಗೆ ಎಲ್ಲರೂ ಒಪ್ಪಿದ ಕಾಗುಣಿತವೂ ಇರಲಿಲ್ಲ.

ಹೈಟಿಯ ಹಳ್ಳಿಗರಲ್ಲಿ ಒಂದು ಗಾದೆ ಇದೆ: "ಪಾಲೆ ಫ್ರಾನ್ಸೆ ಪಾ ಲೆಸ್ಪ್ರಿ ಪು ಸಾ." ಫ್ರೆಂಚ್ ಮಾತಾಡಿದ ಮಾತ್ರಕ್ಕೆ ಬುದ್ಧಿವಂತ ಅಂತಲ್ಲ. ಶಾಲೆ ಕಾಣದವರೂ ಆಡುವ ಮಾತು ಇದು.

ಇನ್ನೊಂದು ಸಂಗತಿ ಫೀಸಿನದು. ಫೀಸು ಕಟ್ಟಲಾಗದ ತಾಯಿ, ಓದಿಸುತ್ತಾರೆ ಅಂತ ನಂಬಿ ಮಗುವನ್ನು ಪಟ್ಟಣದ ಯಾರದೋ ಮನೆಗೆ ಕಳಿಸುತ್ತಾಳೆ. ಅಂಥ ಮಗುವಿಗೆ 'ರೆಸ್ತಾವೆಕ್' ಅನ್ನುತ್ತಾರೆ. ಜೊತೆಯಲ್ಲಿ ಇರುವವರು ಅಂತ ಅರ್ಥ. ಎಷ್ಟೋ ಮನೆಗಳಲ್ಲಿ ಆ ಮಗು ಪಾತ್ರೆ ತೊಳೆಯುತ್ತದೆ, ನೀರು ಹೊರುತ್ತದೆ, ಶಾಲೆಯ ಮುಖ ನೋಡುವುದಿಲ್ಲ. ಅನಾಥಾಲಯಗಳ ಕಥೆಯೂ ಹೀಗೇ. ಅಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪ ಅಮ್ಮ ಇದ್ದಾರೆ. 2010ರ ಜನವರಿ 12ರ ಭೂಕಂಪ ಆದಮೇಲೆ, ಅಮೆರಿಕದ ಒಂದು ಚರ್ಚ್ ಗುಂಪು 33 ಮಕ್ಕಳನ್ನು ಗಡಿ ದಾಟಿಸಲು ಹೋಗಿ ಸಿಕ್ಕಿಬಿತ್ತು. ಇವರು ಅನಾಥರು ಅಂತ ಆ ಗುಂಪಿನವರು ಹೇಳಿದ್ದರು. ಹೆಚ್ಚಿನ ಮಕ್ಕಳಿಗೆ ಹೆತ್ತವರು ಇದ್ದರು. ಮಗುವನ್ನು ತಾಯಿಯಿಂದ ಬಿಡಿಸಿ ಓದಿಸುವುದು ಬೇಡ, ತಾಯಿಯ ಮನೆಯಿಂದಲೇ ಶಾಲೆಗೆ ಹೋಗುವ ಹಾಗೆ ಫೀಸು ಕಟ್ಟಿ ಅಂತ ನಾನು ಕೈಮುಗಿದು ಹೇಳುತ್ತೇನೆ.

ಮಕ್ಕಳಿರುವಲ್ಲಿಗೇ ಶಾಲೆ ತಂದವರೂ ಇದ್ದಾರೆ. ಡಚ್ ಪಾದ್ರಿ ಲಾರೆನ್ಸ್ ಬೋನೆನ್ ರಾಜಧಾನಿ ಪೋರ್ಟೊ ಪ್ರಿನ್ಸಿನ ಕೊಳೆಗೇರಿಗಳಲ್ಲೇ ಪುಟ್ಟಪುಟ್ಟ ಶಾಲೆ ತೆರೆದರು. ಸಿಸ್ಟರ್ ಜೋನ್ ಮಾರ್ಗರೆಟ್ 1945ರಲ್ಲಿ ಅದೇ ಊರಿನಲ್ಲಿ ಅಂಗವಿಕಲ ಮಕ್ಕಳಿಗಾಗಿ ಸೇಂಟ್ ವಿನ್ಸೆಂಟ್ ಶಾಲೆ ಕಟ್ಟಿದರು. ಭೂಕಂಪದಲ್ಲಿ ಅದರ ಕಟ್ಟಡ ಕುಸಿಯಿತು. ಶಾಲೆ ನಿಲ್ಲಲಿಲ್ಲ.

ಈಗ ಅಲ್ಲಿ ಬಂದೂಕು ಹಿಡಿದ ಗುಂಪುಗಳ ಕಾಟ. 10 ಲಕ್ಷಕ್ಕಿಂತ ಜಾಸ್ತಿ ಜನ ಮನೆ ಬಿಟ್ಟಿದ್ದಾರೆ. ಅವರಲ್ಲಿ ಎಷ್ಟೋ ಸಂಸಾರಗಳು ತಂಗಿರುವುದು ಶಾಲೆಗಳಲ್ಲೇ. ಪಾಠ ಓದಬೇಕಾದ ಕೋಣೆಯಲ್ಲಿ ಮಕ್ಕಳು ಅಮ್ಮನ ಪಕ್ಕ ನೆಲದ ಮೇಲೆ ಮಲಗುತ್ತಾರೆ.

ನಮಸ್ಕಾರ.