ಸಭಾಕಂಪನ ಮತ್ತು ವ್ಯಾಪಾರಿಗಳ ಸಭೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಉದ್ಯಮಿ ಬಂಧುಗಳೇ,

ನಾಳೆಯ ಸಮಾವೇಶದಲ್ಲಿ ಖರೀದಿದಾರರ ಎದುರು ನಿಂತು ತಮ್ಮ ಘಟಕದ ಬಗ್ಗೆ ಮಾತನಾಡಬೇಕಾದವರು ಇಲ್ಲಿ ಅನೇಕರಿದ್ದೀರಿ. ಬ್ಯಾಂಕಿನವರ ಮುಂದೆಯೂ ತೆರಿಗೆ ಅಧಿಕಾರಿಗಳ ಮುಂದೆಯೂ ತಡವರಿಸದ ನೀವು ಮೈಕಿನ ಮುಂದೆ ಮಾತ್ರ ಕಂಗಾಲಾಗುತ್ತೀರಿ ಎಂದು ಕಾರ್ಯದರ್ಶಿಗಳು ಹೇಳಿದರು. ನನ್ನ ನಂಬಿಕೆ ಇಷ್ಟೇ: ಗಮನವೆಲ್ಲ ನಮ್ಮ ಮೇಲೆಯೇ ನೆಟ್ಟಿರುವವರೆಗೆ ಕಂಪನ ಬಿಡುವುದಿಲ್ಲ, ಅದು ಹೇಳಲೇಬೇಕಾದ ಸಂಗತಿಯತ್ತ, ಕೇಳುವವರ ಅಗತ್ಯದತ್ತ ಹೊರಳಿದಾಗ ಸಡಿಲುತ್ತದೆ.

ಇದಕ್ಕೆ ಗಾಂಧೀಜಿಯವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಲಂಡನ್ನಿನ ವಿದ್ಯಾರ್ಥಿ ದಿನಗಳಲ್ಲಿ ಅವರು ಇಂಗ್ಲೆಂಡಿನ ಕಡಲತಡಿಯ ಊರಾದ ವೆಂಟ್ನರಿಗೆ ಹೋಗಿದ್ದಾಗ, ಸಸ್ಯಾಹಾರ ಪ್ರಚಾರದ ಸಭೆಯೊಂದರಲ್ಲಿ ಮಾತನಾಡಲು ಆಹ್ವಾನ ಬಂತು. ಭಾಷಣವನ್ನು ಬರೆದುಕೊಂಡೇ ಹೋಗಿದ್ದರು. ಅದು ಒಂದು ಫುಲ್‌ಸ್ಕ್ಯಾಪ್ ಹಾಳೆಯನ್ನೂ ಮೀರಿರಲಿಲ್ಲ. ಆದರೂ ಎದ್ದು ನಿಂತೊಡನೆ ಕಣ್ಣು ಮಂಜಾಗಿ, ಮೈ ನಡುಗಿ, ಓದಲಾಗದೆ ಹೋಯಿತು; ಜೊತೆಗಿದ್ದ ಗೆಳೆಯ ಮಜ್ಮುದಾರರು ಅದನ್ನು ಓದಬೇಕಾಯಿತು. 1891ರಲ್ಲಿ ಊರಿಗೆ ಹೊರಡುವ ಮುನ್ನ ಲಂಡನ್ನಿನ ಹೋಬರ್ನ್ ರೆಸ್ಟೋರೆಂಟಿನಲ್ಲಿ ಗೆಳೆಯರಿಗೆ ಔತಣವಿತ್ತಾಗಲೂ, ಬಾಯಿಪಾಠ ಮಾಡಿಕೊಂಡ ಭಾಷಣ ಮೊದಲ ವಾಕ್ಯದಾಚೆಗೆ ನೆನಪಿಗೆ ಬರದೆ, ಬಂದವರಿಗೆ ವಂದನೆ ಹೇಳಿ ಕುಳಿತರು. ಮುಂಬಯಿಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ 30 ರೂಪಾಯಿ ಶುಲ್ಕದ ಮೊದಲ ಮೊಕದ್ದಮೆಗೆ ನಿಂತಾಗ ತಲೆ ಸುತ್ತಿದಂತಾಗಿ, ಪಾಟೀಸವಾಲಿಗೆ ಒಂದು ಪ್ರಶ್ನೆಯೂ ಹೊಳೆಯದೆ, ಮೊಕದ್ದಮೆಯನ್ನೇ ಬಿಟ್ಟುಕೊಟ್ಟರು.

ಅದೇ ವ್ಯಕ್ತಿ 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ, ಹೆಚ್ಚಾಗಿ ಭಾರತದಿಂದ ಹೋದ ಮೇಮನ್ ಸಮುದಾಯದ ಮುಸ್ಲಿಂ ವರ್ತಕರೇ ಸೇರಿದ್ದ ಸಭೆಯಲ್ಲಿ ಎದ್ದು ನಿಂತು ಮಾತನಾಡಿದರು. ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣವೆಂದು ಅವರು ಕರೆದದ್ದು ಇದನ್ನೇ. ವಿಷಯ ಯಾವುದು ಬಲ್ಲಿರಾ? ವ್ಯಾಪಾರದಲ್ಲಿ ಸತ್ಯಪಾಲನೆ! ವ್ಯಾಪಾರವೆಂದರೆ ವ್ಯವಹಾರ, ಸತ್ಯವೆಂದರೆ ಧರ್ಮ, ಎರಡಕ್ಕೂ ತಾಳೆಯಾಗದು ಎಂದು ನಂಬಿದ್ದ ವರ್ತಕರ ಎದುರಿಗೇ ಆ ಮಾತನ್ನು ಅಲ್ಲಗಳೆದು, ಪರದೇಶದಲ್ಲಿ ಕೆಲವರ ನಡತೆಯಿಂದಲೇ ಕೋಟ್ಯಂತರ ಭಾರತೀಯರನ್ನು ಅಳೆಯುತ್ತಾರೆ, ಆದ್ದರಿಂದ ನಿಮ್ಮ ಹೊಣೆ ಇನ್ನೂ ಹೆಚ್ಚು ಎಂದರು. ಅಷ್ಟಕ್ಕೇ ಬಿಡದೆ, ಇಂಗ್ಲಿಷ್ ಕಲಿಯುವ ಮನಸ್ಸಿರುವವರಿಗೆ ತಾವೇ ಕಲಿಸುವುದಾಗಿ ಹೇಳಿದರು. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಕ್ಕ ಅಂಗಡಿಯವ ಮುಂದೆ ಬಂದರು.

ನಡುವೆ ಬದಲಾದದ್ದೇನು? ವಯಸ್ಸು, ಅನುಭವ ಎನ್ನುವವರಿದ್ದಾರೆ, ಅದೂ ಇರಬಹುದು. ನನಗೆ ಮುಖ್ಯವೆನಿಸುವುದು ಬೇರೆ. ಹೋಬರ್ನಿನಲ್ಲಿ ಅವರು ಚೆನ್ನಾಗಿ ಮಾತನಾಡಬೇಕಿತ್ತು. ಪ್ರಿಟೋರಿಯಾದಲ್ಲಿ ಎದುರಿಗಿದ್ದವರ ಕಷ್ಟಕ್ಕೆ ದಾರಿ ತೋರಿಸಬೇಕಿತ್ತು. ಬಾಯಿಪಾಠದ ವಾಕ್ಯ ಕೈಕೊಡುತ್ತದೆ, ಮನದಟ್ಟಾದ ಸಂಗತಿ ಕೈಕೊಡುವುದಿಲ್ಲ. ಆದ್ದರಿಂದ ಇಂದು ರಾತ್ರಿ ದಯವಿಟ್ಟು ಭಾಷಣವನ್ನು ಉರುಹೊಡೆಯಬೇಡಿ. ನಿಮ್ಮ ಸರಕಿನಿಂದ ಖರೀದಿದಾರನ ಯಾವ ತೊಂದರೆ ನೀಗುತ್ತದೆ ಎಂಬುದನ್ನು ಮನೆಯವರಿಗೆ, ಈ ಕಸುಬಿನ ಗಂಧವಿಲ್ಲದವರಿಗೆ, ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿ. ಅವರಿಗೆ ಅರ್ಥವಾಗದ ಕಡೆ ತಿದ್ದಿಕೊಳ್ಳಿ.

ಎದೆ ಬಡಿತ, ಬಾಯಿ ಒಣಗುವುದು, ಅಂಗೈ ಬೆವರುವುದು, ಇವೆಲ್ಲ ಅಂಜಿಕೆಗೆ ದೇಹ ತಾನಾಗಿ ತೋರುವ ಪ್ರತಿಕ್ರಿಯೆ, ಕಾಯಿಲೆಯಲ್ಲ. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಬಡಿತ ತಗ್ಗುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅವರ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಸಭೆಯೆಂದರೆ ಹೆದರುತ್ತಿದ್ದ ಅವರು 100 ಡಾಲರ್ ಕಟ್ಟಿ ಭಾಷಣ ಕಲಿಸುವ ಡೇಲ್ ಕಾರ್ನೆಗಿ ತರಬೇತಿಗೆ ಸೇರಿದರು. ಅದು ಮುಗಿದೊಡನೆ, ಮತ್ತೆ ಅಂಜಿಕೆ ಮರಳಬಾರದೆಂದು, ಒಮಾಹಾ ವಿಶ್ವವಿದ್ಯಾಲಯದಲ್ಲಿ ಹೂಡಿಕೆಯ ಪಾಠ ಹೇಳಲು ಒಪ್ಪಿಕೊಂಡರು. ನೀವೂ ನಾಳೆಯ ಮಾತು ಮುಗಿದ ವಾರದೊಳಗೆ ಇನ್ನೊಂದು ಕಡೆ, ಚಿಕ್ಕ ಸಭೆಯಾದರೂ ಸರಿ, ಮಾತನಾಡಲು ಒಪ್ಪಿಕೊಳ್ಳಿ. ಸ್ಲೈಡುಗಳ ಬಗ್ಗೆ ಹೇಳಲು ಸಮಯವಿಲ್ಲ. ಕಡಿಮೆ ಇದ್ದಷ್ಟೂ ಒಳ್ಳೆಯದು. ನಾಳೆ ಬೆಳಿಗ್ಗೆ ಸಭಿಕರು ಬರುವ ಮೊದಲೇ ಬಂದು, ಈ ವೇದಿಕೆ ಹತ್ತಿ, ಮೈಕನ್ನು ನಿಮ್ಮ ಎತ್ತರಕ್ಕೆ ಸರಿಪಡಿಸಿಕೊಂಡು, ಕೊನೆಯ ಸಾಲಿಗೆ ನಿಮ್ಮ ಧ್ವನಿ ಮುಟ್ಟುತ್ತದೆಯೇ ಎಂದು ನೋಡಿಕೊಳ್ಳಿ. ನಮಸ್ಕಾರ.