ಬಾಣಕ್ಕೆ ಒಂದು ಕ್ಷಣ, ಮಾತಿಗೆ ಒಂದು ರಾತ್ರಿ

ನಮಸ್ಕಾರ ಮಾರಾಯ್ರೆ. ಮಂಗಳೂರಲ್ಲಿ ಜೋರು ಮಳೆ, ನನ್ನ ತಲೆ ಮೇಲೆ ತಗಡಿನ ಮಾಡು. ಸರಿಯಾಗಿ ಕೇಳದಿದ್ದರೆ ನೀವೇ ವಾಲ್ಯೂಮ್ ಜಾಸ್ತಿ ಮಾಡಿಕೊಳ್ಳಿ, ಮೈಕಿಗೆ ದುಡ್ಡು ಕೊಡುವಷ್ಟು ಸಬ್‌ಸ್ಕ್ರೈಬರ್‌ಗಳು ನನಗಿಲ್ಲ. ಹೌದು, ನಿಮಗೇ ಹೇಳಿದ್ದು.

ಒಬ್ಬ ಸ್ನೇಹಿತನಿಗೆ 'ದಿ ಲಾಸ್ಟ್ ಫ್ಲೀಟ್' ಸರಣಿಯ ಮೊದಲ ಪುಸ್ತಕ ಕೊಟ್ಟಿದ್ದೆ, ಬಾಹ್ಯಾಕಾಶದ ಹಡಗುಗಳ ಯುದ್ಧದ ಕಾದಂಬರಿ. ಮೊನ್ನೆ ವಾಪಸ್ ಬಂತು. ತೆಗೆದು ನೋಡಿದರೆ ಅಲ್ಲಲ್ಲಿ ಗೋಳಿಬಜೆಯ ಎಣ್ಣೆ. ಎಲ್ಲ ಪುಟದಲ್ಲೂ ಅಲ್ಲ, ನೋಡಿ. ಹಡಗುಗಳು ಹೊಡೆದಾಡುವ ಪುಟಗಳಲ್ಲಿ ಮಾತ್ರ, ಹೆಬ್ಬೆರಳಿನ ಗುರುತು ಸಮೇತ. ಅಧಿಕಾರಿಗಳು ಕೂತು ಮಾತಾಡುವ ಪುಟಗಳು ಅಂಗಡಿಯಿಂದ ತಂದ ಹಾಗೇ ಉಂಟು. ಮೇಲಿಂದ ಒಂದು ವಾಯ್ಸ್ ಮೆಸೇಜ್: "ಬರೀ ಮೀಟಿಂಗ್ ಮಾರಾಯ, ಯುದ್ಧ ಎಲ್ಲುಂಟು?"

ಇವನೊಬ್ಬನೇ ಆಗಿದ್ದರೆ ಬಿಡುತ್ತಿದ್ದೆ. ಈ ಸರಣಿಯ ಅಭಿಮಾನಿಗಳಲ್ಲಿ ಅರ್ಧ ಜನರದ್ದು ಇದೇ ರಾಗ.

ಗೊತ್ತಿಲ್ಲದವರಿಗೆ ಬೇಗ ಹೇಳಿ ಮುಗಿಸುತ್ತೇನೆ. ಇದು ಇಂಗ್ಲಿಷ್ ಸರಣಿ. ಜ್ಯಾಕ್ ಕ್ಯಾಂಪ್‌ಬೆಲ್ ಎಂಬ ಹೆಸರಿನಲ್ಲಿ ಬರೆದವರು ಜಾನ್ ಹೆಮ್ರಿ, ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದವರು. ಮೊದಲ ಪುಸ್ತಕ 2006, ಆರನೆಯದು 2010. ಗಿಯರಿ ಎಂಬ ಕ್ಯಾಪ್ಟನ್ ನೂರು ವರ್ಷ ಮಲಗಿ ಎದ್ದರೆ ಅದೇ ಯುದ್ಧ ಇನ್ನೂ ನಡೆಯುತ್ತಾ ಉಂಟು. ಹಡಗುಗಳೆಲ್ಲ ಶತ್ರುವಿನ ನಡುಮನೆಯಲ್ಲಿ ಸಿಕ್ಕಿಬಿದ್ದಿವೆ. ಸಂಧಾನಕ್ಕೆ ಹೋದ ಹಿರಿಯ ಅಧಿಕಾರಿಗಳನ್ನು ಶತ್ರುಗಳು ಕೊಲ್ಲುತ್ತಾರೆ. ಕೌರವನಾದರೂ ಕೃಷ್ಣನನ್ನು ಕಟ್ಟಿಹಾಕಲು ಮಾತ್ರ ಹೊರಟಿದ್ದ! ಈಗ ಗಿಯರಿ ಎಲ್ಲರನ್ನೂ ಮನೆಗೆ ಮುಟ್ಟಿಸಬೇಕು. ಅಷ್ಟೇ ಕಥೆ.

ಈಗ ಯುದ್ಧ ಎಲ್ಲುಂಟು ಅಂತ ಕೇಳಿದಿರಲ್ಲ, ಕೇಳಿ. ಆ ಹಡಗುಗಳು ಹೋಗುವುದು ಬೆಳಕಿನ ವೇಗದ ಹತ್ತನೇ ಒಂದು ಪಾಲಿನಲ್ಲಿ. ಅಂದರೆ ಸೆಕೆಂಡಿಗೆ 30 ಸಾವಿರ ಕಿಲೋಮೀಟರ್. ಇಲ್ಲಿಂದ ಉಡುಪಿಗೆ ಸುಮಾರು 60 ಅಂತ ಇಟ್ಟುಕೊಳ್ಳಿ, ಒಂದು ಸೆಕೆಂಡಿನಲ್ಲಿ 500 ಟ್ರಿಪ್! ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರಿಗೂ ಆಗದ ಕೆಲಸ, ಅವರು ಪ್ರಯತ್ನ ಬಿಟ್ಟಿಲ್ಲ ಅನ್ನುವುದು ಬೇರೆ ಮಾತು. ಹೀಗೆ ಎರಡು ಪಡೆಗಳು ಎದುರುಬದುರು ಬಂದರೆ ಕಣ್ಣು ರೆಪ್ಪೆ ಬಡಿಯುವ ಮೊದಲೇ ದಾಟಿ ಹೋಗಿರುತ್ತವೆ. ಗುಂಡು ಹಾರಿಸುವುದು ಕಂಪ್ಯೂಟರು, ಮನುಷ್ಯನ ಕೈಗೆ ಅದು ಸಿಗುವುದೇ ಇಲ್ಲ. ಮನುಷ್ಯನಿಗೆ ಉಳಿಯುವುದು ಎಂತ? ಮೊದಲಿನ ಕಾಯುವಿಕೆ, ಆಮೇಲಿನ ಮಾತು. ಯುದ್ಧ ಅಲ್ಲೇ ಉಂಟು!

ಆ ಕಾಯುವುದನ್ನೂ ಬೋರು ಅನ್ನುತ್ತಾರೆ. ಸೂರ್ಯನ ಬೆಳಕು ನಮಗೆ ಮುಟ್ಟಲು ಎಂಟು ನಿಮಿಷ ಚಿಲ್ಲರೆ ಬೇಕು, ಅಲ್ವಾ? ಗಿಯರಿಗೆ ಶತ್ರು ಕಾಣುವುದು ಎಷ್ಟೋ ಗಂಟೆ ಹಿಂದೆ ಇದ್ದ ಜಾಗದಲ್ಲಿ. ಈಗ ಎಲ್ಲಿದ್ದಾನೆ ಅಂತ ಊಹಿಸಿಯೇ ಅಪ್ಪಣೆ ಕೊಡಬೇಕು. ನನಗಂತೂ ಆ ಪುಟಗಳಲ್ಲಿ ಎದೆ ಹೊಡೆದುಕೊಳ್ಳುತ್ತದೆ. ನಿಮಗೆ ಬೋರಾ? ಹಾಗಾದರೆ ಪಟಾಕಿ ಅಂಗಡಿಗೆ ಹೋಗಿ.

"ಬೆಳಕು ತಡ ಅಂತ ಪ್ರತಿ ಪುಸ್ತಕದಲ್ಲೂ ಅದನ್ನೇ ಹೇಳುತ್ತಾರೆ" ಅಂತ ಇನ್ನೊಬ್ಬರ ದೂರು. ಹೇಳಲಿ! ಯಕ್ಷಗಾನದಲ್ಲಿ ಹಾಡುವ ಭಾಗವತರು ಒಂದೇ ಪಲ್ಲವಿಯನ್ನು ಎಷ್ಟು ಸಲ ಎತ್ತುತ್ತಾರೆ, ಆಗ ಎದ್ದು ಹೋಗಿದ್ದೀರಾ?

ಅದಕ್ಕೇ ನನಗೆ ಉರಿಯುವುದು. ನಾವು ತಾಳಮದ್ದಳೆಯ ಊರಿನವರು. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಬರೀ ಭಾಗವತರ ಪದ, ಅದರ ಮೇಲೆ ಕೂತು ಆಡುವ ಮಾತು, ಅದಕ್ಕೇ ಅರ್ಥ ಅನ್ನುವುದು. ವಾಲಿವಧೆಯಲ್ಲಿ ಬಾಣ ತಾಗಲು ಎಷ್ಟು ಹೊತ್ತು ಬೇಕು? ಮದ್ದಳೆಯ ಎರಡು ಪೆಟ್ಟು. ಆಮೇಲೆ ಬಿದ್ದ ವಾಲಿ ರಾಮನನ್ನು ನ್ಯಾಯ ಕೇಳುತ್ತಾನಲ್ಲ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ, ಜನ ಕಾಯುವುದು ಅದಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದ ನನ್ನ ಅಜ್ಜ ಒಂದು ದಿನವೂ "ಹೊಡೆದಾಟ ಕಡಿಮೆಯಾಯಿತು" ಅಂದದ್ದಿಲ್ಲ. ಮೊಮ್ಮಕ್ಕಳು ಗೋಳಿಬಜೆ ಎಣ್ಣೆ ಒರೆಸುತ್ತಾರೆ.

ಹಾಂ, ಪುಸ್ತಕದ ಮೀಟಿಂಗಿನಲ್ಲೂ ಅದೇ ಆಗುವುದು! ನೂರು ವರ್ಷದ ಯುದ್ಧದಲ್ಲಿ ಕಲಿತವರೆಲ್ಲ ಸತ್ತು, ಉಳಿದ ಕ್ಯಾಪ್ಟನ್‌ಗಳು ದಂಡನಾಯಕನ ಅಪ್ಪಣೆಗೂ ವೋಟು ಹಾಕುವ ಅಭ್ಯಾಸ ಮಾಡಿಕೊಂಡಿದ್ದಾರೆ. ಸೆರೆಸಿಕ್ಕವರನ್ನು ಕೊಲ್ಲುವುದು ಮಾಮೂಲಾಗಿದೆ. ಗಿಯರಿ ಅದನ್ನು ನಿಲ್ಲಿಸುತ್ತಾನೆ. ಗುಂಡಿನಿಂದ ಅಲ್ಲ, ಮಾತಿನಿಂದ. ನೀವು ಹಾರಿಸಿದ ಪುಟಗಳಲ್ಲಿ, ಸ್ವಾಮೀ!

ಇಂಧನದ ಲೆಕ್ಕ, ಊಟದ ಲೆಕ್ಕ ಯಾಕೆ ಅಂತಲೂ ಕೇಳುತ್ತಾರೆ. ಮಲ್ಪೆಯ ಮೀನುಗಾರಿಕೆ ಬಂದರಿಗೆ ಹೋಗಿ. ಈಗ ಬೇಡ, ಜುಲೈ 31ರ ತನಕ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಒಂದಕ್ಕೊಂದು ತಾಗಿ ಮಲಗಿವೆ. ಆಗಸ್ಟಿನಲ್ಲಿ ಹೋಗಿ. ಪುಡಿ ಮಾಡಿದ ಐಸು ದಡದಡ ಅಂತ ಬೋಟಿನ ಹೊಟ್ಟೆಗೆ ಇಳಿಯುವಾಗ ಬೋಟು ನಡೆಸುವ ತಾಂಡೇಲ ಪಕ್ಕದಲ್ಲೇ ನಿಂತಿರುತ್ತಾನೆ, ಕಣ್ಣು ಡೀಸೆಲ್ ಮೇಲೆ. ಹತ್ತು ದಿನ ಕಡಲಲ್ಲಿ ಇರುವವನಿಗೆ ಮೀನಿಗಿಂತ ಮೊದಲು ಅದರ ಲೆಕ್ಕ. ಅವನಿಗೆ ಈ ಪುಸ್ತಕ ಓದಿ ಹೇಳಿದರೆ ನಿಧಾನದ ಪೂರೈಕೆ ಹಡಗುಗಳಿಗಾಗಿ ಇಡೀ ಪಡೆ ಯಾಕೆ ಕಾಯುತ್ತದೆ ಅಂತ ತಟ್ಟನೆ ಗೊತ್ತಾಗುತ್ತದೆ. ನಿಮಗಾಗುವುದಿಲ್ಲ.

ಪ್ರೇಮದ ಭಾಗ ಪೇಲವ ಅನ್ನುತ್ತಾರೆ. ಹೌದು. ಮುಂದಕ್ಕೆ ಹೋಗುವ.

ನಾನೂ ನಾಲ್ಕನೇ ಪುಸ್ತಕದಲ್ಲಿ ಒಂದು ಮೀಟಿಂಗ್ ಹಾರಿಸಿದ್ದೇನೆ, ಆಯ್ತಾ? ಅದು ಬಸ್ಸಲ್ಲಿ, ಸುರತ್ಕಲ್ ಹತ್ತಿರ, ನಿಂತುಕೊಂಡು. ಅದು ಬೇರೆ. ಅದನ್ನು ಹಿಡಿದುಕೊಂಡು ಬರಬೇಡಿ. ಮಾತೇ ಯುದ್ಧ, ಅಷ್ಟೇ. ಯಾಕೆ ಅಂದರೆ, ಯಾಕೆ ಅಂತ ಆಗಲೇ ಹೇಳಿದೆನಲ್ಲ!

ಚಾನೆಲ್ಲಿನ ಚಾ ಕಪ್ಪು ಬಂದಿದೆ, 250 ರೂಪಾಯಿ. "ಯುದ್ಧ ಎಲ್ಲುಂಟು?" ಅಂತ ಬರೆಸಿದ್ದೇನೆ. ಮೊದಲನೆಯದು ಆ ಸ್ನೇಹಿತನಿಗೆ, ಅವನಿಗೆ 300.

ಎರಡನೇ ಪುಸ್ತಕ ಬೇರೆ ಬೇಕಂತೆ ಅವನಿಗೆ. ಕೊಡುತ್ತೇನೆ, ಕ್ಯಾಲೆಂಡರಿನ ಪ್ಲಾಸ್ಟಿಕ್ ಸುತ್ತಿ. ಗೋಳಿಬಜೆ ತಿನ್ನುವುದಾದರೆ ಮೀಟಿಂಗಿನ ಪುಟದಲ್ಲೇ ತಿನ್ನು ಮಾರಾಯ, ಎಣ್ಣೆ ನೋಡಿಯಾದರೂ ನನಗೆ… ಹೋಯ್, ಕರೆಂಟ್ ಹೋಯಿತು. ಇದು ರೆಕಾರ್ಡ್ ಆಗುತ್ತಾ ಉಂಟಾ?